ಹಂದರದಲ್ಲಿ ತೂಗುತ್ತಿದ್ದ ಸಾಕ್ಷಿ

1431ರಲ್ಲಿ ವೆನಿಸ್‌ನ ವರ್ತಕ ಪಿಯೆತ್ರೊ ಕ್ವೆರಿನಿ ಕ್ರೀಟ್ ದ್ವೀಪದಿಂದ ಹಡಗಿನ ತುಂಬ ದ್ರಾಕ್ಷಾರಸ ಹೇರಿಕೊಂಡು ಫ್ಲಾಂಡರ್ಸ್ ಕಡೆಗೆ ಹೊರಟ. ಬಿರುಗಾಳಿಗೆ ಸಿಕ್ಕಿ ಹಡಗು ಉತ್ತರಕ್ಕೆ ತೇಲಿತು. ಹೊರಟ 68 ಜನರಲ್ಲಿ ಕೊನೆಗೆ ಉಳಿದವರು 11. ಅವರನ್ನು 1432ರ ಚಳಿಗಾಲದಲ್ಲಿ ಒಂದು ನಿರ್ಜನ ನಡುಗಡ್ಡೆಯಿಂದ ಕರೆತಂದು, ಮನೆಯೊಳಗಿಟ್ಟುಕೊಂಡು, ಮೀನು ಬೇಯಿಸಿ ಹಾಕಿ ಬದುಕಿಸಿದವರು ನಾರ್ವೆಯ ರೋಸ್ಟ್ ದ್ವೀಪದ ಮೀನುಗಾರರು. ತಮ್ಮೂರಿಗೆ ಮರಳಿದ ಮೇಲೆ ಆ ನಾವಿಕರು ಬರೆಸಿಟ್ಟ ವೃತ್ತಾಂತದಲ್ಲಿ ಈ ದ್ವೀಪದ ಜನ ಕಳ್ಳತನದ ಭಯವನ್ನೇ ಅರಿಯದವರು, ಏನನ್ನೂ ಬೀಗ ಹಾಕಿ ಇಡದವರು. ಅಲ್ಲಿ ಕಳೆದ ದಿನಗಳನ್ನು ಅವರು ಸ್ವರ್ಗದ ಮೊದಲ ವಲಯಕ್ಕೆ ಹೋಲಿಸಿದ್ದಾರೆ.

ಅಂತಹ ನೆಲದಲ್ಲಿ ಒಂದು ಕೊಲೆ ನಡೆಸಿ, ಅದನ್ನು ಕನ್ನಡದಲ್ಲಿ ಪತ್ತೇದಾರಿ ಕಾದಂಬರಿಯಾಗಿ ಬರೆಯಬೇಕೆಂದು ನಾನು ಹೊರಟೆ.

ನಾನಿರುವುದು ಬೂಡೊ ನಗರದಲ್ಲಿ. ಪಶ್ಚಿಮಕ್ಕೆ ಸಮುದ್ರ, ಅದರಾಚೆ ಲೊಫೋಟೆನ್ ದ್ವೀಪಸಾಲು, ಆ ಸಾಲಿನ ತುತ್ತತುದಿಯಲ್ಲಿ ರೋಸ್ಟ್. ಶಿವಮೊಗ್ಗದಲ್ಲಿ ಬಾಡಿಗೆ ಪುಸ್ತಕದಂಗಡಿಯಿಂದ ಪತ್ತೇದಾರಿ ಕಾದಂಬರಿಗಳನ್ನು ತಂದು, ಮರುದಿನದ ಬಾಡಿಗೆ ಏರುವ ಮೊದಲೇ ಓದಿ ಮುಗಿಸುತ್ತ ಬೆಳೆದವಳು ನಾನು. ಆ ಚಟಕ್ಕೆ ಈ ದೇಶ ಹೇಳಿ ಮಾಡಿಸಿದಂತಿದೆ. ನಾರ್ವೆಯವರು ಈಸ್ಟರ್ ರಜೆಯಲ್ಲಿ ಬೆಟ್ಟದ ಮರದ ಮನೆಗಳಿಗೆ ಹೋಗಿ ಕೊಲೆಯ ಕಥೆಗಳನ್ನು ಓದುತ್ತಾರೆ. ಇದು ಅವರಿಗೆ ಹಬ್ಬದ ಊಟದಷ್ಟೇ ಸಹಜ. 1923ರ ಈಸ್ಟರ್‌ಗೆ ಮುಂಚೆ ರೈಲು ದರೋಡೆಯ ಕಾದಂಬರಿಯೊಂದರ ಜಾಹೀರಾತು ಪತ್ರಿಕೆಯ ಮುಖಪುಟದಲ್ಲಿ ಸುದ್ದಿಯ ತಲೆಬರಹದಂತೆಯೇ ಅಚ್ಚಾಗಿ, ಜನ ನಿಜವೆಂದು ನಂಬಿ ಗಾಬರಿಯಾದರಂತೆ. ಆ ರೂಢಿ ಅಲ್ಲಿಂದ ಶುರುವಾಯಿತು ಎನ್ನುತ್ತಾರೆ. ಈಗ ಈಸ್ಟರ್ ಹೊತ್ತಿಗೆ ಹಾಲಿನ ಪೊಟ್ಟಣದ ಮೇಲೂ ಪುಟ್ಟ ಪತ್ತೇದಾರಿ ಚಿತ್ರಕಥೆ ಇರುತ್ತದೆ. ಬೆಳಗಿನ ಕಾಫಿಗೆ ಹಾಲು ಸುರಿಯುತ್ತ ನಾನು ಕೊಲೆಗಾರನನ್ನು ಹುಡುಕಿದ್ದೇನೆ.

ನನ್ನ ಕಥೆಯ ದ್ವೀಪ ಕಲ್ಪಿತ. ಅದರ ಭೂಗೋಳವನ್ನು ಮಾತ್ರ ರೋಸ್ಟ್‌ನಿಂದ ತೆಗೆದುಕೊಂಡೆ. ಜನ ವಾಸಿಸುವ ದ್ವೀಪ ಚಪ್ಪಟೆ. ಅದರ ಅತಿ ಎತ್ತರದ ಜಾಗವೂ ಸಮುದ್ರ ಮಟ್ಟದಿಂದ ಹತ್ತು ಹನ್ನೆರಡು ಮೀಟರ್. ಸುತ್ತ ಲೆಕ್ಕವಿಲ್ಲದಷ್ಟು ಬಂಡೆ, ನಡುಗಡ್ಡೆಗಳು. ನೈರುತ್ಯಕ್ಕೆ ಮಾತ್ರ ಕಡಲಿನಿಂದ ನೆಟ್ಟಗೆ ಎದ್ದ ಕಡಿದಾದ ಗುಡ್ಡಗಳು, ಅವುಗಳಲ್ಲಿ ಕಡಲ ಹಕ್ಕಿಗಳ ವಸತಿ. ಅದರಾಚೆ 1887ರಲ್ಲಿ ಕಟ್ಟಿದ ಸ್ಕೊಮ್ವಾರ್ ದೀಪಸ್ತಂಭ. ಮರೆಗೆ ಮರವಿಲ್ಲ, ಅಡಗಲು ಕಾಡಿಲ್ಲ. ಊರಿನ ಒಂದು ತುದಿಯಲ್ಲಿ ಕಾರಿನ ದೀಪ ಹೊತ್ತಿಕೊಂಡರೆ ಇನ್ನೊಂದು ತುದಿಯ ಅಡುಗೆಮನೆಯ ಕಿಟಕಿಗೆ ಕಾಣುತ್ತದೆ. ಕೊಲೆ ಮಾಡಲು ಇಷ್ಟು ಅನನುಕೂಲವಾದ ಜಾಗ ಇನ್ನೊಂದಿರಲಾರದು. ಆ ಕಾರಣಕ್ಕೇ ಅದು ನನಗೆ ಬೇಕಿತ್ತು.

ಸ್ಕ್ಯಾಂಡಿನೇವಿಯಾದ ಕೊಲೆಕಥೆ ಎಂದೊಡನೆ ಓದುಗರ ಕಣ್ಣಿಗೆ ಬರುವುದು ಹಿಮ, ಕತ್ತಲೆ, ಹಿಮದ ಮೇಲೆ ರಕ್ತ. ಇಲ್ಲಿ ಬದುಕಿದವರಿಗೆ ಆ ಚಿತ್ರ ಅಷ್ಟು ಸಲೀಸಾಗಿ ಕೂಡುವುದಿಲ್ಲ. ರೋಸ್ಟ್ ಆರ್ಕ್ಟಿಕ್ ವೃತ್ತದಿಂದ ಮೇಲಿದ್ದರೂ ಬೆಚ್ಚಗಿನ ಸಾಗರ ಪ್ರವಾಹದ ದಯೆಯಿಂದ ಅಲ್ಲಿ ಜನವರಿಯ ಸರಾಸರಿ ಉಷ್ಣತೆಯೂ ಸೊನ್ನೆಗಿಂತ ಮೇಲೆಯೇ ಇರುತ್ತದೆ. ಬಿದ್ದ ಹಿಮ ಮರುದಿನದ ಮಳೆಗೆ ಕೊಚ್ಚಿಹೋಗುತ್ತದೆ. ಹೆಜ್ಜೆಗುರುತನ್ನು ನಂಬಿ ಯಾವ ಪತ್ತೇದಾರನೂ ಮುಂದುವರಿಯಲಾರ. ಸೂರ್ಯ ಪೂರ್ತಿ ಕಾಣದಿರುವುದು ಡಿಸೆಂಬರ್ ಉತ್ತರಾರ್ಧದ ಕೆಲವೇ ದಿನ. ಇದೆಲ್ಲಕ್ಕಿಂತ ಮುಖ್ಯವಾದ ಸಂಗತಿ ಇನ್ನೊಂದು: ಆ ಕತ್ತಲೆಯ ದಿನಗಳಲ್ಲಿ ಊರು ಖಾಲಿ. ಈ ಊರಿನ ಬದುಕು ನಿಂತಿರುವ ಕಾಡ್ (cod) ಮೀನು ಉತ್ತರದ ಬಾರೆಂಟ್ಸ್ ಸಮುದ್ರದಿಂದ ಮೊಟ್ಟೆ ಇಡಲು ಲೊಫೋಟೆನ್ ಕಡೆ ಇಳಿದು ಬರುವುದು ಜನವರಿಯಿಂದ ಏಪ್ರಿಲ್‌ವರೆಗೆ. ಡಿಸೆಂಬರಿನಲ್ಲಿ ಮೀನು ಒಣಗಿಸುವ ಹಂದರಗಳು ಬರಿಯ ಮರದ ಅಸ್ಥಿಪಂಜರ. ಅವು ತುಂಬಿ, ಊರು ಗಿಜಿಗುಡುವ ಮಾರ್ಚ್ ತಿಂಗಳಲ್ಲಿ ಹಗಲು ರಾತ್ರಿ ಸಮ. ಮಧ್ಯಾಹ್ನದ ಬಿಸಿಲಿಗೆ ಕಣ್ಣು ಕಿರಿದಾಗುತ್ತದೆ.

ಕತ್ತಲೆ ಬೇಕೋ, ಮೀನು ಬೇಕೋ? ನಾನು ಮೀನನ್ನು ಆರಿಸಿಕೊಂಡೆ. ನನ್ನ ಕೊಲೆ ಮಾರ್ಚ್ ತಿಂಗಳಲ್ಲಿ, ಒಳ್ಳೆಯ ಬೆಳಕಿನಲ್ಲಿ, ಎಲ್ಲರೂ ಎಚ್ಚರವಾಗಿರುವಾಗ ನಡೆಯುತ್ತದೆ. ಯಾರಿಗೂ ತಲೆ ಎತ್ತಿ ನೋಡಲು ಪುರುಸೊತ್ತಿಲ್ಲದ ಕಾರಣ ಯಾರಿಗೂ ಕಾಣುವುದಿಲ್ಲ. ಕತ್ತಲೆ ಮುಚ್ಚುವುದಕ್ಕಿಂತ ಹೆಚ್ಚನ್ನು ದುಡಿಮೆ ಮುಚ್ಚುತ್ತದೆ ಎಂಬುದು ನಾನು ಅಲ್ಲಿ ಕಣ್ಣಾರೆ ಕಂಡ ಸಂಗತಿ.

ಕಾಣಲು ಹೋಗಲೇಬೇಕಿತ್ತು. ರಜೆ ಹಾಕಿ, ಬೂಡೊದಿಂದ ದೋಣಿ ಹಿಡಿದು, ದ್ವೀಪದ ಒಂದು ಮೀನುಮಂಡಿಯಲ್ಲಿ ಕೈಜೋಡಿಸಲು ಅನುಮತಿ ಪಡೆದೆ. ದಿನಗೂಲಿಯ ಲೆಕ್ಕದಲ್ಲಿ ನಾನು ಹೆಚ್ಚು ಪ್ರಯೋಜನದವಳಲ್ಲ. ಆದರೂ ಬಾಗಿಲು ತೆರೆದು ರಬ್ಬರ್ ಬೂಟು, ಅಂಗಿ ಕೊಟ್ಟು ಸಾಲಿನಲ್ಲಿ ನಿಲ್ಲಿಸಿದರು. ಬೋಟಿನಿಂದ ಬಂದ ಮೀನಿನ ತಲೆ ಕತ್ತರಿಸಿ, ಕರುಳು ತೆಗೆದು, ತೊಳೆದ ಮೇಲೆ ಗಾತ್ರ ನೋಡಿ ಎರಡೆರಡನ್ನು ಬಾಲದ ಕಡೆ ಹುರಿಯಿಂದ ಕಟ್ಟಬೇಕು. ಜೋಡಿಯ ತೂಕ ಸಮವಾಗಿರದಿದ್ದರೆ ಗಳುವಿನ ಮೇಲೆ ನಿಲ್ಲುವುದಿಲ್ಲ. ಹಾಗೆ ಕಟ್ಟಿದ ಜೋಡಿಗಳನ್ನು ಹೊರಗಿನ ಹಂದರಕ್ಕೆ ಒಯ್ದು ಹೊಟ್ಟೆಯ ಭಾಗಕ್ಕೆ ಗಾಳಿ ಆಡುವಂತೆ ತೂಗುಹಾಕುತ್ತಾರೆ. ಒಂದು ಹರಳು ಉಪ್ಪಿಲ್ಲ. ನಮ್ಮ ಕರಾವಳಿಯಲ್ಲಿ ಉಪ್ಪು ಸವರಿ ಮರಳ ಮೇಲೆ ಹರವಿದ ಮೀನು ಕೆಲವೇ ದಿನದ ಬಿಸಿಲಿಗೆ ಒಣಗುತ್ತದೆ. ಇಲ್ಲಿ ಫೆಬ್ರುವರಿಯಿಂದ ಮೇವರೆಗೆ ಗಾಳಿ, ಮಳೆ, ಮಂಜು ಎಲ್ಲದರ ನಡುವೆ ಮೀನು ತೂಗುತ್ತಲೇ ಇರುತ್ತದೆ. ಕೊನೆಗೆ ಐದು ಕಿಲೊ ಹಸಿ ಮೀನು ಸುಮಾರು ಒಂದು ಕಿಲೊ ಆಗಿ, ಕಟ್ಟಿಗೆಯಂತೆ ಸದ್ದು ಮಾಡುತ್ತದೆ. ಒಳ್ಳೆಯದು ಇಟಲಿಗೆ ಹೋಗುತ್ತದೆ. ಕ್ವೆರಿನಿ ಊರಿಗೆ ಮರಳುವಾಗ ಕಂಡ ಸರಕೇ ಇದು. ಬೇರೆಯಾಗಿ ಒಣಗಿಸಿದ ತಲೆಗಳು ನೈಜೀರಿಯಾಗೆ.

ಮಂಡಿಯ ಒಂದು ಮೂಲೆಯಲ್ಲಿ ಶಾಲೆ ಬಿಟ್ಟು ಬಂದ ಮಕ್ಕಳು. ಹಲಗೆಗೆ ನೆಟ್ಟಗೆ ಹೊಡೆದ ಕಬ್ಬಿಣದ ಮೊಳೆಗೆ ಮೀನಿನ ತಲೆಯನ್ನು ಗದ್ದದಡಿಯಿಂದ ಚುಚ್ಚಿ, ಒಂದೇ ಎಳೆತಕ್ಕೆ ನಾಲಿಗೆ ಕತ್ತರಿಸಿ, ತಲೆಯನ್ನು ಹಿಂದಕ್ಕೆ ಎಸೆಯುತ್ತಾರೆ. ನಾಲಿಗೆಯ ಹಣ ಮಕ್ಕಳದೇ. ಇದು ಲೊಫೋಟೆನ್‌ನ ಹಳೆಯ ಪದ್ಧತಿ. ಹತ್ತು ಹನ್ನೊಂದು ವರ್ಷದ ಹುಡುಗಿಯೊಬ್ಬಳು ನನ್ನೊಡನೆ ಮಾತನಾಡುತ್ತಲೇ, ಕೈಯ ಕಡೆ ನೋಡದೆ, ಚಾಕುವಿನ ಲಯ ತಪ್ಪದಂತೆ ಕತ್ತರಿಸುತ್ತಿದ್ದಳು. ಯಾವ ಬೋಟು ಎಷ್ಟು ಹೊತ್ತಿಗೆ ಬಂತು, ಯಾರು ಇವತ್ತು ಕಡಲಿಗೆ ಇಳಿಯಲಿಲ್ಲ, ಯಾರ ಮುಖ ಸಪ್ಪಗಿತ್ತು ಎಂಬುದೆಲ್ಲ ಅವಳಿಗೆ ಗೊತ್ತಿತ್ತು. ಧಕ್ಕೆಯ ಎದುರಿಗೇ ಅವಳ ಹಲಗೆ. ನನ್ನ ಕಾದಂಬರಿಯ ಮೊದಲ ಸಾಕ್ಷಿಯನ್ನು ಅಲ್ಲೇ ನಿಂತು ಕಂಡುಕೊಂಡೆ. ಪೊಲೀಸರು ಅವಳನ್ನು ಪ್ರಶ್ನಿಸಲು ಬಹಳ ಅಧ್ಯಾಯಗಳು ಬೇಕಾಗುತ್ತವೆ, ಏಕೆಂದರೆ ದೊಡ್ಡವರ ಪಟ್ಟಿ ಮುಗಿಯುವವರೆಗೂ ಮಗುವನ್ನು ಕೇಳಬೇಕೆಂದು ಯಾರಿಗೂ ತೋಚುವುದಿಲ್ಲ.

ಪೊಲೀಸರ ವಿಷಯವನ್ನು ಬೇಗ ಮುಗಿಸುತ್ತೇನೆ, ಏಕೆಂದರೆ ಕಥೆಯಲ್ಲೂ ಅವರದು ಸಣ್ಣ ಪಾತ್ರ. ನಾರ್ವೆಯಲ್ಲಿ ವರ್ಷಕ್ಕೆ ನಡೆಯುವ ಕೊಲೆಗಳು ಸುಮಾರು 30ರಿಂದ 40. ಬಹುಪಾಲು ಪ್ರಕರಣಗಳಲ್ಲಿ ಕೊಂದವನೂ ಸತ್ತವನೂ ಪರಿಚಿತರು. ಪೊಲೀಸರು ಬಹಳ ಕಾಲ ಸಾಮಾನ್ಯವಾಗಿ ಸೊಂಟಕ್ಕೆ ಬಂದೂಕು ಕಟ್ಟಿಕೊಂಡು ತಿರುಗುತ್ತಿರಲಿಲ್ಲ. ಅದು ವಾಹನದೊಳಗೆ ಬೀಗದಲ್ಲಿರುತ್ತಿತ್ತು. ಕೊಲೆಯ ತನಿಖೆಗೆ ಕ್ರಿಪೊಸ್ ಎಂಬ ರಾಷ್ಟ್ರೀಯ ಘಟಕ ನೆರವು ನೀಡುತ್ತದೆ. ಚಿಕ್ಕ ದ್ವೀಪಕ್ಕೆ ಅವರೆಲ್ಲ ಬರಬೇಕಾದರೆ ಗಾಳಿ ಒಪ್ಪಬೇಕು. ಪಕ್ಕದ ವೇರಯ್ ದ್ವೀಪದಲ್ಲಿ 1990ರ ಏಪ್ರಿಲ್‌ನಲ್ಲಿ ವಿಮಾನ ಕಡಲಿಗೆ ಬಿದ್ದು ಐದು ಜನ ಸತ್ತ ಮೇಲೆ ಅಲ್ಲಿನ ವಿಮಾನ ನಿಲ್ದಾಣವನ್ನೇ ಮುಚ್ಚಿದರು. ಈಗ ಹೆಲಿಕಾಪ್ಟರ್ ಹೋಗುತ್ತದೆ. ಈ ಕಡಲಿನ ಗಾಳಿ ಎಂಥದ್ದು ಎಂಬುದಕ್ಕೆ ಇಷ್ಟು ಸಾಕು. ನನ್ನ ತನಿಖಾಧಿಕಾರಿಗಳು ಬರುತ್ತಾರೆ, ಕೇಳುತ್ತಾರೆ, ದೋಣಿಯ ವೇಳೆ ನೋಡಿಕೊಂಡು ಹೋಗುತ್ತಾರೆ.

ಒಂದು ದೃಶ್ಯಕ್ಕೆ ಮಾತ್ರ ತುಂಬ ಹೊತ್ತು ಕೊಟ್ಟೆ. ಇಲ್ಲಿ ಅಪಘಾತದಲ್ಲಿ ಯಾರಾದರೂ ಸತ್ತರೆ ಸುದ್ದಿಯನ್ನು ಮನೆಗೆ ತಲುಪಿಸುವ ಹೊಣೆ ಬಹಳ ಕಾಲದಿಂದ ಪಾದ್ರಿಯದು. ಪಾದ್ರಿ ಬಾಗಿಲ ಮುಂದೆ ನಿಂತರೆ ಬಾಯಿ ತೆರೆಯುವ ಮೊದಲೇ ಎಲ್ಲ ತಿಳಿದುಬಿಡುತ್ತದೆ. ನಾನು ತಂಗಿದ್ದ ಮನೆಯ ಹಿರಿಯ ಹೆಂಗಸು ಬಾಲ್ಯದ ನೆನಪು ಹೇಳಿದರು: ಪಾದ್ರಿ ರಸ್ತೆಯಲ್ಲಿ ನಡೆದು ಬರುವುದನ್ನು ಕಂಡು ಪ್ರತಿ ಮನೆಯ ಹೆಂಗಸರೂ ಕಿಟಕಿಯ ಬಳಿ ನಿಂತು, ಅವರು ತಮ್ಮ ಬಾಗಿಲು ದಾಟಿ ಮುಂದೆ ಹೋಗುವವರೆಗೂ ಉಸಿರು ಹಿಡಿಯುತ್ತಿದ್ದರಂತೆ. ದಾಟಿದ ಮೇಲೆ ಬಂದ ನೆಮ್ಮದಿಗೆ ಆಮೇಲೆ ನಾಚುತ್ತಿದ್ದರಂತೆ. ಆ ನಾಚಿಕೆಯನ್ನು ನಾನು ಹಾಗೆಯೇ ಕೊಲೆಗಾರನ ಹೆಂಡತಿಗೆ ಕೊಟ್ಟಿದ್ದೇನೆ.

ಸಾವು ಹೇಗೆ ಆಗಬೇಕು ಎಂಬುದನ್ನು ಊರೇ ಹೇಳಿಕೊಟ್ಟಿತು. ಚಿಕ್ಕ ಬೋಟಿನಲ್ಲಿ ಒಬ್ಬನೇ ದುಡಿಯುವ ಮೀನುಗಾರ ನೀರಿಗೆ ಬೀಳುವುದು ಈ ಕರಾವಳಿಯ ಹಳೆಯ ದುಃಖ. ಬೋಟು ಸಿಗುತ್ತದೆ, ಎಂಜಿನ್ ಓಡುತ್ತಿರುತ್ತದೆ, ಮನುಷ್ಯನಿಲ್ಲ. ತಣ್ಣನೆಯ ಆಳದ ನೀರಿನಲ್ಲಿ ದೇಹ ಕೊಳೆಯುವುದು ನಿಧಾನ, ಮೇಲೆ ತೇಲದೆಯೂ ಉಳಿಯಬಹುದು. ಉತ್ತರ ನಾರ್ವೆಯ ಕಡಲ ರಕ್ಷಣೆಯ ಕೇಂದ್ರ ಇರುವುದು ನನ್ನ ಊರಾದ ಬೂಡೊದಲ್ಲೇ. ಹೆಲಿಕಾಪ್ಟರ್ ಪಶ್ಚಿಮಕ್ಕೆ ಹಾರುವ ಸದ್ದು ಕೇಳಿದಾಗಲೆಲ್ಲ ಇಲ್ಲಿ ಮಾತು ಒಂದು ಕ್ಷಣ ನಿಲ್ಲುತ್ತದೆ. ಅಂತಹ ಸಾವನ್ನು ಯಾರೂ ಅನುಮಾನಿಸುವುದಿಲ್ಲ, ಶೋಕಿಸುತ್ತಾರೆ. ನನ್ನ ಕೊಲೆಗಾರ ಬಳಸಿಕೊಳ್ಳುವುದು ಆ ಶೋಕವನ್ನು. ಓದುಗರಿಗೆ ಅವನ ಮೇಲೆ ನಿಜವಾದ ಸಿಟ್ಟು ಬರಬೇಕಾದದ್ದೂ ಅದಕ್ಕೇ.

ಕೊಲೆಗೆ ಕಾರಣ ಹುಡುಕಲು ನಾನು ಮನಶ್ಶಾಸ್ತ್ರಕ್ಕೆ ಹೋಗಲಿಲ್ಲ, ಕೋಟಾದ ಲೆಕ್ಕಕ್ಕೆ ಹೋದೆ. ಕಾಡ್ ಮೀನಿನ ಸಂತತಿ ಕುಸಿದು 1989ರ ಏಪ್ರಿಲ್ 18ರಂದು ಕರಾವಳಿಯ ಮೀನುಗಾರಿಕೆಯನ್ನೇ ನಿಲ್ಲಿಸಿದರು. ಮರುವರ್ಷ ಬೋಟಿಗಿಷ್ಟು ಎಂದು ಕೋಟಾ ಬಂತು. ಅಲ್ಲಿಯವರೆಗೆ ಬೋಟು, ಬಲೆ, ತೋಳುಬಲ ಇದ್ದವನಿಗೆ ಕಡಲು ತೆರೆದಿತ್ತು. ಅಂದಿನಿಂದ ಹಕ್ಕು ಕಾಗದಕ್ಕೆ ಬಂತು, ಕಾಗದ ಬೋಟಿಗೆ ಅಂಟಿಕೊಂಡಿತು. ಹಳೆಯ ಮರದ ಬೋಟಿಗಿಂತ ಅದರೊಡನೆ ಬರುವ ಹಕ್ಕಿನ ಬೆಲೆ ಎಷ್ಟೋ ಪಟ್ಟು. ಅದರ ಮೇಲೆ, ಬೋಟಿನ ಒಡೆಯನಾಗಲು ಹಿಂದಿನ ಐದು ವರ್ಷಗಳಲ್ಲಿ ಮೂರು ವರ್ಷವಾದರೂ ಸ್ವತಃ ಮೀನು ಹಿಡಿದಿರಬೇಕು ಎಂಬ ಕಾನೂನು. ಊರು ಬಿಟ್ಟು ಓಸ್ಲೊ ಸೇರಿದ ಮಗನಿಗೆ ಅಪ್ಪನ ಬೋಟು ಸುಮ್ಮನೆ ದಕ್ಕುವುದಿಲ್ಲ. ಊರಿನಲ್ಲೇ ಉಳಿದು ಡೆಕ್ ಮೇಲೆ ದುಡಿದವನಿಗೆ ಹಣವಿರುವುದಿಲ್ಲ. ಇಬ್ಬರು ಅಣ್ಣತಮ್ಮಂದಿರ ನಡುವೆ ಇಷ್ಟು ಇಟ್ಟರೆ ಉಳಿದದ್ದು ತಾನಾಗಿ ಬೆಳೆಯಿತು. ಆಸ್ತಿ ಭಾಗದ ಜಗಳ ನೋಡಿ ಬೆಳೆದ ಕನ್ನಡದ ಓದುಗರಿಗೆ ಇದನ್ನು ವಿವರಿಸಲು ಒಂದು ಪುಟ ಸಾಕಾಯಿತು.

ಸುಳುಹುಗಳೂ ಕಾಗದದಿಂದಲೇ ಬಂದವು. ದಡಕ್ಕೆ ತಂದ ಪ್ರತಿ ಮೀನಿಗೂ ಇಲ್ಲಿ ಮಾರಾಟದ ಚೀಟಿ ಬರೆಯಬೇಕು: ಯಾವ ಮೀನು, ಎಷ್ಟು ತೂಕ, ಯಾವ ಬಲೆ, ಕಡಲಿನ ಯಾವ ಭಾಗ, ಎಂದು. ಕೆಳಗೆ ಮಾರಿದವನ ಮತ್ತು ಕೊಂಡವನ ಸಹಿ. ದೊಡ್ಡ ಬೋಟುಗಳಿಗೆ ತಮ್ಮ ಇರುವಿಕೆಯನ್ನು ಸಾರುವ ಎಐಎಸ್ ಯಂತ್ರ ಕಡ್ಡಾಯ, ಚಿಕ್ಕವರೂ ಜೀವದ ಭಯಕ್ಕೆ ಇಟ್ಟುಕೊಳ್ಳುತ್ತಾರೆ. ಅದರಿಂದ ನಕ್ಷೆಯ ಮೇಲೆ ಮೂಡುವ ಬೋಟುಗಳ ಜಾಡಿನ ಗೆರೆಗಳನ್ನು ನಾನು ರಾತ್ರಿಯೆಲ್ಲ ಕಂಪ್ಯೂಟರಿನಲ್ಲಿ ನೋಡುತ್ತ ಕುಳಿತದ್ದುಂಟು. ಬಲೆ ಎಳೆಯುವ ಬೋಟಿನ ಗೆರೆ ಒಂದು ಬಗೆ, ಸುಮ್ಮನೆ ತೇಲುವ ಬೋಟಿನದು ಇನ್ನೊಂದು ಬಗೆ. ಕೆಲವು ದಿನ ನೋಡಿದರೆ ಅಕ್ಷರ ಓದಿದಂತೆ ಓದಬಹುದು.

ಎಲ್ಲಕ್ಕಿಂತ ನನಗೆ ಹಿಡಿಸಿದ್ದು ತೆರಿಗೆ ಪಟ್ಟಿ. ನಾರ್ವೆಯಲ್ಲಿ ಯಾರ ಆದಾಯ ಎಷ್ಟೆಂದು ಯಾರು ಬೇಕಾದರೂ ತೆರಿಗೆ ಇಲಾಖೆಯ ಪಟ್ಟಿಯಲ್ಲಿ ಹುಡುಕಬಹುದು. ಆದರೆ 2014ರಿಂದ, ಯಾರು ಹುಡುಕಿದರು ಎಂಬುದು ಆ ವ್ಯಕ್ತಿಗೂ ಕಾಣುತ್ತದೆ. ಸಾಯುವ ಮೊದಲು ನನ್ನ ಮೀನುಗಾರ ತನ್ನ ಹೆಸರನ್ನು ಹುಡುಕಿದವರ ಪಟ್ಟಿಯನ್ನು ತೆರೆದು ನೋಡಿರುತ್ತಾನೆ. ಅದರಲ್ಲಿ ಒಂದು ಹೆಸರು ಇರಬಾರದಿತ್ತು. ಎಷ್ಟು ಸಭ್ಯವಾದ ವ್ಯವಸ್ಥೆ, ಆದರೆ ಒಬ್ಬ ಮನುಷ್ಯನ ಬೆನ್ನುಹುರಿಯಲ್ಲಿ ಚಳಿ ಹುಟ್ಟಿಸಲು ಅಷ್ಟು ಸಾಕು.

ಒಂದು ವಿಷಯದಲ್ಲಿ ನಾನು ಹಟ ಹಿಡಿದೆ. ಮೀನುಮಂಡಿಗಳಲ್ಲಿ ಲಿಥುವೇನಿಯ, ಪೋಲೆಂಡ್ ಮೊದಲಾದ ಕಡೆಗಳಿಂದ ಹಂಗಾಮಿಗೆ ಬಂದವರು ಬಹಳ. ಊರಿನಲ್ಲಿ ಕೆಟ್ಟದ್ದು ನಡೆದಾಗ ಕಣ್ಣುಗಳು ಮೊದಲು ಹೊರಗಿನವರ ಕಡೆ ತಿರುಗುತ್ತವೆ. ಇದು ನಾರ್ವೆಗೆ ಮಾತ್ರ ಸೇರಿದ ಗುಣವಲ್ಲ. ಆ ತಿರುಗಿದ ಕಣ್ಣುಗಳನ್ನು ಓದುಗರ ದಾರಿ ತಪ್ಪಿಸಲು ಬಳಸುವುದು ಸುಲಭ, ಎಷ್ಟೋ ಕಥೆಗಳು ಬಳಸಿವೆ. ನಾನೂ ಇಲ್ಲಿ ಹೊರಗಿನಿಂದ ಬಂದವಳು. ನನ್ನ ಪಕ್ಕದಲ್ಲಿ ನಿಂತು, ಹುರಿಯ ಗಂಟನ್ನು ಬಿಗಿಯುವುದು ಹೇಗೆಂದು ನನ್ನ ಬೆರಳು ಹಿಡಿದು ಕಲಿಸಿದ ಲಿಥುವೇನಿಯದ ಹೆಂಗಸನ್ನು ಬರಿಯ ಅನುಮಾನದ ಬೊಂಬೆಯಾಗಿ ಬರೆಯಲು ನನಗೆ ಮನಸ್ಸಿರಲಿಲ್ಲ. ಕಾದಂಬರಿಯಲ್ಲಿ ಅವಳಂಥ ಒಬ್ಬಳಿದ್ದಾಳೆ. ಅವಳ ಮೇಲೆ ಅನುಮಾನ ಬೀಳುತ್ತದೆ, ಆ ಅನುಮಾನದಿಂದ ಅವಳು ಕಳೆದುಕೊಳ್ಳುವುದನ್ನು ಕಥೆ ಕೊನೆಯವರೆಗೂ ಮರೆಯುವುದಿಲ್ಲ.

ಇನ್ನು ಉಳಿದದ್ದು ಕೊಲೆಯ ಒಗಟನ್ನು ಬಿಡಿಸುವುದು. ಅದಕ್ಕೆ ಬೇಸಿಗೆಯಲ್ಲಿ ಮತ್ತೆ ಹೋದೆ.

ಹಂದರದಿಂದ ಇಳಿಸಿದ ಮೀನನ್ನು ಒಳಗೆ ರಾಶಿ ಹಾಕಿರುತ್ತಾರೆ. ಅದನ್ನು ದರ್ಜೆ ದರ್ಜೆಯಾಗಿ ಬೇರ್ಪಡಿಸುವವನು ಒಬ್ಬ ಪಳಗಿದ ಪರಿಣತ. ದರ್ಜೆಗಳು ಇಪ್ಪತ್ತರ ಆಸುಪಾಸು, ಹಲವಕ್ಕೆ ಇಟಲಿಯ ಹೆಸರು. ಅವನ ಎದುರು ಕುಳಿತು ನೋಡಿದೆ. ಮೀನನ್ನು ಎಡಗೈಯಲ್ಲಿ ಎತ್ತಿ, ಬೆಳಕಿಗೆ ಹಿಡಿದು, ತಿರುಗಿಸಿ, ಹೊಟ್ಟೆಯ ಸೀಳಿಗೆ ಮೂಗು ತಂದು, ಹೆಬ್ಬೆರಳಿನಿಂದ ಕತ್ತಿನ ಬಳಿ ಒತ್ತಿ, ಅತ್ತ ಎಸೆಯುತ್ತಾನೆ. ಒಂದೊಂದಕ್ಕೆ ಕೆಲವು ಕ್ಷಣ. ಮಧ್ಯೆ ಮಧ್ಯೆ ನನಗಾಗಿ ಹೇಳುತ್ತಿದ್ದ: ಇದು ಮಳೆಗೆ ಸಿಕ್ಕಿದ್ದು, ಇದರ ಮೇಲೆ ಹಕ್ಕಿ ಕುಳಿತಿತ್ತು, ಇದನ್ನು ತಡವಾಗಿ ತೂಗುಹಾಕಿದ್ದಾರೆ, ಇದಕ್ಕೆ ಹಿಮ ತಾಗಿದೆ. ಹಿಮ ತಾಗಿದ್ದನ್ನು ನನ್ನ ಕೈಗೆ ಕೊಟ್ಟ. ಹಸಿಯಾಗಿರುವಾಗಲೇ ಹೆಪ್ಪುಗಟ್ಟಿದರೆ ಒಳಗಿನ ನೀರು ಮಂಜುಗಡ್ಡೆಯಾಗಿ ಮಾಂಸವನ್ನು ಸೀಳುತ್ತದೆ. ಒಣಗಿದ ಮೇಲೆ ಅದು ಗಟ್ಟಿಯಾಗದೆ ಹಗುರವಾಗಿ, ಬೆಂಡಿನಂತೆ ಉಳಿಯುತ್ತದೆ. ಒಳ್ಳೆಯ ಮೀನನ್ನೂ ಇದನ್ನೂ ಎರಡು ಕೈಯಲ್ಲಿ ಹಿಡಿದೆ. ಕಣ್ಣಿಗೆ ಕಾಣದ ವ್ಯತ್ಯಾಸ ಅಂಗೈಗೆ ಸ್ಪಷ್ಟವಾಗಿತ್ತು.

ಪ್ರತಿ ಮೀನೂ ತಾನು ಗಾಳಿಗೆ ಏರಿದ ವಾರದ ಹವೆಯನ್ನು ಮೈಯಲ್ಲಿ ಬರೆದುಕೊಂಡಿದೆ ಎಂದಾಯಿತು. ನನ್ನ ಕೊಲೆಗಾರ ಆ ಸಂಜೆ ಎಲ್ಲಿದ್ದೆ ಎಂದು ಕೇಳಿದವರಿಗೆ ಕೊಡುವ ಉತ್ತರ, 'ಪೂರ್ವದ ಹಂದರದಲ್ಲಿ ಒಬ್ಬನೇ ಮೀನು ತೂಗುಹಾಕುತ್ತಿದ್ದೆ, ಹೋಗಿ ನೋಡಿ, ಸಾಲು ತುಂಬಿದೆ' ಎಂಬುದು. ಸಾಲು ತುಂಬಿದ್ದು ನಿಜ. ಚೀಟಿಯಲ್ಲಿ ಆ ದಿನದ ಮೀನು ಬಂದದ್ದೂ ನಿಜ. ಆ ರಾತ್ರಿ, ಅಪರೂಪಕ್ಕೆ, ಊರಿನ ಮೇಲೆ ಕಡುಚಳಿ ಇಳಿದಿತ್ತು. ಅವನ ಸಾಲಿನ ಒಂದು ಮೀನಿಗೂ ಹಿಮ ತಾಗಿಲ್ಲ. ಅಕ್ಕಪಕ್ಕದ ಸಾಲುಗಳು ಪೂರ್ತಿ ಬೆಂಡು. ಅವನ ಮೀನು ಆ ರಾತ್ರಿ ಹೊರಗಿರಲೇ ಇಲ್ಲ. ಪೊಲೀಸರು ಹೋದರು, ಮೊಕದ್ದಮೆಯ ಕಡತ ಬೀರುವಿಗೆ ಸೇರಿತು, ಅಷ್ಟು ಕಾಲವೂ ಸಾಕ್ಷಿ ಊರ ನಡುವೆ, ಎಲ್ಲರ ತಲೆಯ ಮೇಲೆ ತೂಗುತ್ತಿತ್ತು. ಅದನ್ನು ಓದಬಲ್ಲವನು ಬೇಸಿಗೆಯಲ್ಲಿ ಕೈಗೆತ್ತಿಕೊಳ್ಳುವವರೆಗೂ ಕಾಯಬೇಕಿತ್ತು. ಹೀಗಾಗಿ ನನ್ನ ಪತ್ತೇದಾರ ಪೊಲೀಸನಲ್ಲ, ದರ್ಜೆ ನೋಡುವ ಅರವತ್ತು ದಾಟಿದ ಮನುಷ್ಯ. ಸತ್ತವನನ್ನು ಬಾಲ್ಯದಿಂದ ಬಲ್ಲವನು. ಕೊಂದವನನ್ನೂ ಬಲ್ಲವನು. ತನ್ನ ಕೈಗೆ ತಿಳಿದದ್ದನ್ನು ಬಾಯಿ ಬಿಟ್ಟು ಹೇಳಬೇಕೋ ಬೇಡವೋ ಎಂದು ಅವನು ಕಳೆಯುವ ಎರಡು ವಾರ ನನ್ನ ಕಾದಂಬರಿಯ ತಿರುಳು. ಕೊಲೆಗಾರ ಯಾರೆಂಬುದು ಅದಕ್ಕೂ ಮೊದಲೇ ಓದುಗರಿಗೆ ತಿಳಿದಿರುತ್ತದೆ. ನಾನು ಬೇಕೆಂದೇ ಹಾಗಿಟ್ಟಿದ್ದೇನೆ.

ನನ್ನ ಪರಿಣತನಿಗೆ ಈ ಕಥೆಯನ್ನು ನಾರ್ವೇಜಿಯನ್ ಭಾಷೆಯಲ್ಲಿ ಬಾಯಲ್ಲೇ ಹೇಳಿದೆ. ಕೆಲಸ ನಿಲ್ಲಿಸದೆ ಕೇಳಿದ. ಮುಗಿದ ಮೇಲೆ ಅವನು ಕೇಳಿದ ಮೊದಲ ಪ್ರಶ್ನೆ ಕೊಲೆಯ ಬಗ್ಗೆ ಅಲ್ಲ: 'ಅಕ್ಕಪಕ್ಕದ ಸಾಲು ತೂಗುಹಾಕಿ ಎಷ್ಟು ದಿನವಾಗಿತ್ತು?' ಗಾಳಿಗೆ ಸ್ವಲ್ಪ ಕಾಲ ಒಣಗಿ ಮೇಲ್ಮೈ ಬಿಗಿದ ಮೀನು ಚಳಿಯನ್ನು ತಡೆದುಕೊಳ್ಳುತ್ತದೆ; ಪಕ್ಕದ ಸಾಲು ಬೆಂಡಾಗಬೇಕಾದರೆ ಅದೂ ಹೊಸದಾಗಿರಬೇಕು, ಅಂದರೆ ಆ ವಾರ ಕಡಲು ಶಾಂತವಾಗಿದ್ದು ಎಲ್ಲರಿಗೂ ಮೀನು ಸಿಕ್ಕಿರಬೇಕು. ಆಮೇಲೆ ಗಾಳಿ ಯಾವ ದಿಕ್ಕಿನಿಂದ ಎಂದು ಕೇಳಿದ. ಪೂರ್ವದಿಂದ ಎಂದೆ. ಒಳನಾಡಿನ ಚಳಿ ಬರುವುದು ಆ ಕಡೆಯಿಂದಲೇ, ಸರಿ ಎಂದ. ಕೊನೆಗೆ, ಕಥೆಯಲ್ಲಿ ಆ ದರ್ಜೆ ನೋಡುವವನು ಹೋಗಿ ಹೇಳುತ್ತಾನೆಯೇ ಎಂದು ಕೇಳಿದ. ಹೇಳುತ್ತಾನೆ ಎಂದೆ. ಅವನು ಕೈಯಲ್ಲಿದ್ದ ಮೀನನ್ನು ಎರಡನೆಯ ದರ್ಜೆಯ ರಾಶಿಗೆ ಹಾಕಿ, ಪೊಲೀಸರಿಗಿಂತ ಮೊದಲು ಕೊಂದವನ ತಾಯಿಗೆ ಹೇಳಬೇಕು, ಇಲ್ಲಿ ಹಾಗೆಯೇ ಮಾಡುತ್ತಾರೆ ಎಂದ.

ಆ ತಾಯಿ ನನ್ನ ಕರಡಿನಲ್ಲಿ ಹಿನ್ನೆಲೆಯಲ್ಲಿ ಮಾತ್ರ ಇದ್ದರು. ಈಗ ಅವರಿಗಾಗಿ ಒಂದು ಅಧ್ಯಾಯ ಬರೆಯುತ್ತಿದ್ದೇನೆ. ಅದು ಅಡುಗೆಮನೆಯಲ್ಲಿ ನಡೆಯುತ್ತದೆ, ಕಾಡ್ ಮೀನು, ಅದರ ಪಿತ್ತಜನಕಾಂಗ, ಮೊಟ್ಟೆ ಮೂರನ್ನೂ ಬೇಯಿಸಿದ ಮಧ್ಯಾಹ್ನದ ಊಟದ ಹೊತ್ತಿನಲ್ಲಿ. ಕಥೆ ಬೇಸಿಗೆಗೆ ಬಂದುಬಿಟ್ಟಿದ್ದರಿಂದ ಆ ಊಟದ ಕಾಲ ಮುಗಿದಿರುತ್ತದೆ. ಅದನ್ನು ಮಾರ್ಚ್‌ಗೆ ಒಯ್ದು, ತಾಯಿಗೆ ಮೊದಲೇ ಗೊತ್ತಿತ್ತೆಂದು ಮಾಡುವುದೋ, ಊಟವನ್ನೇ ಬದಲಿಸುವುದೋ ಎಂದು ಈ ವಾರವೆಲ್ಲ ಯೋಚಿಸಿ, ಮೊದಲನೆಯದನ್ನೇ ಆರಿಸಿಕೊಂಡಿದ್ದೇನೆ. ಹಾಗೆ ಮಾಡಿದರೆ ಹಿಂದಿನ ನಾಲ್ಕು ಅಧ್ಯಾಯಗಳಲ್ಲಿ ಆಕೆಯ ಪ್ರತಿ ಮಾತನ್ನೂ ಮತ್ತೆ ತೂಗಿ ನೋಡಬೇಕು. ಆ ಕೆಲಸ ಶುರುವಾಗಿದೆ.